ಬಾಗಿಲ ಬುಕ್ಕು ಬರೆದವರು

ಅವರು ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದರು. ಬೆಳಿಗ್ಗೆ ಹಾಜರಿ ಹಾಕುವಾಗ ಒಂದು ಸಲ, ಸಂಜೆ ಮನೆಗೆ ಹೊರಡುವಾಗ ಇನ್ನೊಂದು ಸಲ, ಕಚೇರಿಯ ಅಷ್ಟೂ ಜನರ ಬೆರಳುಗಳ ಮೇಲೆ ಅವರ ಕಣ್ಣು ಹಾದು ಹೋಗುತ್ತಿತ್ತು. ಬೆರಳು ನೋಡಿಯಾದ ಮೇಲೆ ಮುಖ. ಆಮೇಲೆ "ಏನಪ್ಪಾ, ಊಟ ಆಯ್ತಾ?"

ತಾಲ್ಲೂಕು ಕಚೇರಿಯ ಹಳೇ ದಫ್ತರಗಳ ಕೋಣೆಗೆ ಅವರು ಒಡೆಯರು. ಸರ್ಕಾರಿ ಭಾಷೆಯಲ್ಲಿ ರೆಕಾರ್ಡ್ ಕೀಪರ್. ನಾವೆಲ್ಲ ರಿಕಾರ್ಡಯ್ಯನವರು ಅನ್ನುತ್ತಿದ್ದೆವು. ನಿಜವಾದ ಹೆಸರು ಬರೆಯುವುದಿಲ್ಲ, ಅವರ ಮಕ್ಕಳು ಇದ್ದಾರೆ. ಯಾವ ತಾಲ್ಲೂಕು ಅಂತಲೂ ಹೇಳುವುದಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಈ ನಾಲ್ಕು ಕಡೆಯೂ ನಾನು ಕೆಲಸ ಮಾಡಿದ್ದೇನೆ. ನಾಲ್ಕರಲ್ಲಿ ಯಾವುದಾದರೂ ಆಗಬಹುದು ಅಂದುಕೊಳ್ಳಿ.

ಮೊನ್ನೆ ಕೈವಾರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರೊಬ್ಬರು ಮಾತಿಗೆ ಮಾತು ಬಂದು, "ಅವರಾ? ಅವರು ಹೋಗಿ ಎಷ್ಟೋ ಕಾಲ ಆಯ್ತಲ್ಲ ಸಾರ್" ಅಂದರು. ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವರು ಬದುಕಿದ್ದಾರೆ ಅಂತಲೇ ನನ್ನ ತಲೆಯಲ್ಲಿತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದೂ ನಾಲ್ಕು ಮಾತು ಹೇಳಬೇಕು. ನಮ್ಮಪ್ಪ ತೋಟಿ. ಊರಿನ ಲೆಕ್ಕದ ಕಟ್ಟನ್ನು ತಲೆಯ ಮೇಲೆ ಹೊತ್ತು ಶಾನುಭೋಗರ ಹಿಂದೆ ಹತ್ತು ಮೈಲಿ ನಡೆದು ಅದೇ ಕಚೇರಿಗೆ ಬರುತ್ತಿದ್ದ. ಕಟ್ಟು ಒಳಗೆ ಹೋಗುತ್ತಿತ್ತು, ನಮ್ಮಪ್ಪ ಜಗಲಿ ಹತ್ತುತ್ತಿರಲಿಲ್ಲ. ನಾನು ಹಾಸ್ಟೆಲ್ಲಿನ ಮುದ್ದೆ ತಿಂದು, ಬೀದಿ ದೀಪದ ಕೆಳಗೆ ಓದಿ, ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ ಬಿ.ಎ. ಪಾಸು ಮಾಡಿದೆ. ನಮ್ಮ ಕೇರಿಗೆ ಮೊದಲ ಬಿ.ಎ. ಅರವತ್ತರ ದಶಕದ ಮೊದಲಲ್ಲಿ ಅದೇ ಜಗಲಿ ಹತ್ತಿ, ಅದೇ ಕಚೇರಿಯ ಒಳಗೆ, ಬೆನ್ನಿರುವ ಕುರ್ಚಿಯ ಮೇಲೆ ಕೂತೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡು ವರ್ಷ ಪ್ರೊಬೇಷನ್. ಅಷ್ಟರೊಳಗೆ ಒಂದು ಕಪ್ಪು ಚುಕ್ಕೆ ಬಿದ್ದರೂ ಕುರ್ಚಿ ಹೋಯಿತು ಅಂತ ಲೆಕ್ಕ.

ರಿಕಾರ್ಡಯ್ಯನವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಸಾದಲಿ ಕಡೆಯವರು. ಅಂಗಿಯ ಜೇಬಿನಲ್ಲಿ ಸದಾ ಎರಡೋ ಮೂರೋ ರೇಷ್ಮೆಗೂಡು. ದಿನಾ ಬೆಳಿಗ್ಗೆ ಜವಾನ ಪಿಳ್ಳಪ್ಪ ಹೋಟೆಲಿನಿಂದ ಒಂದು ಲೋಟ ಕುದಿಯುವ ನೀರು ತರಬೇಕು. ಅದರಲ್ಲಿ ಒಂದು ಗೂಡು ಮುಳುಗಿಸಿ, ಬೆರಳ ತುದಿಯಿಂದ ಸವರಿ ಸವರಿ, ಎಳೆಯ ಕೊನೆ ಹುಡುಕುತ್ತಿದ್ದರು. ಸಿಕ್ಕಿತು ಅಂದರೆ ಮುಗಿಯಿತು, ಲೋಟದಿಂದ ಕಣ್ಣಿಗೆ ಕಾಣದ ಏನನ್ನೋ ಎಳೆದೆಳೆದು ಕರ್ಚೀಪಿಗೆ ಸುತ್ತಿಕೊಳ್ಳುತ್ತಿದ್ದರು. ದೂರದಿಂದ ನೋಡಿದವರಿಗೆ ಅವರು ಬರೀ ಗಾಳಿಯನ್ನು ಸುತ್ತುತ್ತಿದ್ದಾರೆ ಅನ್ನಿಸಬೇಕು. ನಾನು ಕೆಲಸಕ್ಕೆ ಸೇರಿದ ದಿನ ಹಾಗೇ ಅಂದುಕೊಂಡೆ.

"ಗಾಬರಿಯಾಗಬೇಡ ಕಣಪ್ಪ," ಅಂದ ಪಿಳ್ಳಪ್ಪ. "ಅಯ್ಯನೋರು ಬಾಗಿಲಿಗೆ ಜನಿವಾರ ಹಾಕ್ತಾರೆ."

ದಫ್ತರದ ಕೋಣೆಗೆ ಎರಡು ಕದದ ದಪ್ಪ ಬಾಗಿಲು. ಬೀಗದ ಕೀಲಿ ಅವರ ಉಡಿದಾರದಲ್ಲಿ. ಬೀಗ ಹಾಕಿದ ಮೇಲೆ ಒಂದು ಎಳೆಯನ್ನು ಬೀಗದಿಂದ ಚಿಲಕಕ್ಕೆ ಎಳೆದು ಗೋಂದು ಹಚ್ಚಿ ಅಂಟಿಸುತ್ತಿದ್ದರು. ಬೀಗವನ್ನು ಯಾರು ಎತ್ತಿದರೂ ಅದು ಹರಿಯಬೇಕು. ಇನ್ನೊಂದು ಎಳೆ ನೆಲದಿಂದ ಒಂದು ಗೇಣು ಮೇಲೆ, ಈ ಕದದಿಂದ ಆ ಕದಕ್ಕೆ. ಬಾಗಿಲು ತೆರೆದರೆ ಮಾತ್ರ ಅದು ಹರಿಯಬೇಕು. ಮೇಲಿನದು ಹರಿದು ಕೆಳಗಿನದು ಉಳಿದಿದ್ದರೆ, ಯಾರೋ ಪ್ರಯತ್ನಪಟ್ಟು ಆಗದೆ ವಾಪಸ್ ಹೋಗಿದ್ದಾರೆ. ಎರಡೂ ಹರಿದಿದ್ದರೆ ಒಳಗೆ ಹೋಗಿದ್ದಾರೆ. ಹೋಗಿದ್ದು ಯಾರು ಅಂತ ತಿಳಿಯಲು ಬೀಗದ ಹೊಟ್ಟೆಗೆ ಹರಳೆಣ್ಣೆಯಲ್ಲಿ ಕಲಸಿದ ದೀಪದ ಕಪ್ಪು. ಕೈ ನೋಡುತ್ತಿದ್ದದ್ದು ಅದಕ್ಕೆ.

ಇದಕ್ಕೆಲ್ಲ ಒಂದು ಪುಸ್ತಕ. ಹಾಳೆಗೆ ನಂಬರು ಹಾಕಿ, ಬೆನ್ನು ಹೊಲಿದು, ಅರಗು ಒತ್ತಿದ್ದು. ಬಾಗಿಲ ಬುಕ್ಕು ಅಂತ ಅದರ ಹೆಸರು. ಹೊತ್ತು, ಬಾಗಿಲು, ಯಾರು, ಕೊನೆಗೆ ಒಂದು ಗುರುತು. ಆಗದೆ ಹೋದವನಿಗೆ ಸೊನ್ನೆ, ಒಳಗೆ ಹೋದವನಿಗೆ ಗುಣಾಕಾರ. ಆ ಪುಸ್ತಕವನ್ನು ಮಾತ್ರ ದಫ್ತರದ ಕೋಣೆಯಲ್ಲಿ ಇಡುತ್ತಿರಲಿಲ್ಲ. ಮುಂದಿನ ಹಾಲಿನಲ್ಲಿ, ಎಲ್ಲರ ಕಣ್ಣೆದುರು ಇರುವ ಬೀರುವಿನಲ್ಲಿ.

"ಬಾಗಿಲ ಬುಕ್ಕು ಬಾಗಿಲ ಹಿಂದೆ ಇರಬಾರದು ಕಣಪ್ಪ," ಅನ್ನುತ್ತಿದ್ದರು. "ಒಳಗೆ ಹೋದೋನು ಮೊದಲು ಅದನ್ನೇ ಹರೀತಾನೆ."

ಬುಕ್ಕು ಶುರುಮಾಡಿದ ಮೊದಲ ವರ್ಷ ಎಲ್ಲವನ್ನೂ ಬರೆದಿದ್ದರಂತೆ. ಹಲ್ಲಿ ಓಡಿದ್ದು, ಇಲಿ ಕೆರೆದದ್ದು, ಗಾಳಿಗೆ ಕದ ಅಲುಗಿದ್ದು. ಮೂರು ದಪ್ಪ ಪುಸ್ತಕ ತುಂಬಿತಂತೆ. ಆ ವರ್ಷವೇ ಒಂದು ಊರಿನ ನಕ್ಷೆ ಹೋಯಿತಂತೆ. ಯಾವ ದಿನ ಹೋಯಿತು ಅನ್ನುವುದು ಆ ಮೂರು ಪುಸ್ತಕಗಳಲ್ಲಿ ಎಲ್ಲೋ ಇತ್ತು, ಆದರೆ ಅವರ ಕೈಗೇ ಸಿಗಲಿಲ್ಲ. "ಗಾಳಿ ಬೀಸಿದ್ದೆಲ್ಲಾ ಬರೆದ್ರೆ, ಕಳ್ಳ ಬಂದ ಸಾಲು ಗಾಳೀಲೇ ಮುಚ್ಚಿಹೋಗ್ತದೆ." ಆಮೇಲೆ ಏನು ಬರೆಯಬೇಕು, ಏನು ಬಿಡಬೇಕು ಅಂತ ಒಂದು ಪಟ್ಟಿ ಮಾಡಿ ಬುಕ್ಕಿನ ರಟ್ಟಿಗೆ ಅಂಟಿಸಿದರು. ಬರೆಯುವುದು ಅರ್ಧ ಕೆಲಸ, ಓದುವುದು ಇನ್ನರ್ಧ. ಶನಿವಾರ ಮಧ್ಯಾಹ್ನ ಅದಕ್ಕೇ ಮೀಸಲು. ವಾರದ ಸಾಲುಗಳನ್ನೆಲ್ಲ ಗಟ್ಟಿಯಾಗಿ, ಪುರಾಣ ಓದುವವರ ಹಾಗೆ ಓದುತ್ತಿದ್ದರು. ಆ ಹೊತ್ತಿನಲ್ಲಿ ಹಾಲಿನಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ. ತನ್ನ ಹೆಸರು ಬರುತ್ತದೇನೋ ಅಂತ ಪ್ರತಿಯೊಬ್ಬನಿಗೂ ಅಳುಕು, ತಪ್ಪು ಮಾಡದವನಿಗೂ.

ನನ್ನ ನಿವೃತ್ತಿಗೆ ಮುಂಚೆ ಕಚೇರಿಗೆ ಕಂಪ್ಯೂಟರ್ ಬಂತು. ಕಲಿಸಲು ಒಬ್ಬ ಹುಡುಗಿ ಬಂದಿದ್ದಳು, ಜಾಣೆ. ಯಂತ್ರದೊಳಗೆ ಯಾರು ಬಂದರು, ಯಾವ ಕಡತ ತೆರೆದರು ಅನ್ನುವುದನ್ನು ಯಂತ್ರವೇ ಬರೆದಿಡುವ ಹಾಗೆ ಮಾಡಬಹುದು, ಆದರೆ ಏನನ್ನು ಬರೆಯಬೇಕು ಅಂತ ನಾವೇ ಮೊದಲು ಹೇಳಿಕೊಡಬೇಕು ಅಂದಳು. ಪರದೆಯ ಮೇಲೆ ಎರಡು ಚೌಕ ತೋರಿಸಿದಳು. "ಒಳಗೆ ಬಂದವರಿಗೆ ಒಂದು ಟಿಕ್, ಬರೋಕಾಗದೆ ಹೋದವರಿಗೆ ಇನ್ನೊಂದು. ಸುಮಾರು ಜನ ಎರಡನೇದನ್ನ ಮರೀತಾರೆ ಸಾರ್. ಎಲ್ಲಕ್ಕೂ ಟಿಕ್ ಹಾಕಿದ್ರೆ ಪುಟಗಟ್ಟಲೆ ತುಂಬಿಕೊಂಡು ಯಾರೂ ಓದಲ್ಲ." ಸೊನ್ನೆ, ಗುಣಾಕಾರ. ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. "ಈ ಟಿಕ್ ಹಾಕೋ ಯಜಮಾನನೇ ಒಳಗೆ ಹೋದ್ರೆ ಅದನ್ನ ಯಾರಮ್ಮ ಬರೀತಾರೆ?" ಅವಳು ನಕ್ಕು, "ಒಳ್ಳೇ ಪ್ರಶ್ನೆ ಸಾರ್" ಅಂದಳು. ಅದು ಪ್ರಶ್ನೆಯಾಗಿರಲಿಲ್ಲ. ಕಣ್ಣಾರೆ ಕಂಡದ್ದು.

ನನ್ನ ಸೊನ್ನೆಯ ಕಥೆ ಹೇಳಿಬಿಡುತ್ತೇನೆ. ನಮ್ಮೂರಿನ ತೋಟಿ ಇನಾಮಿನ, ಅಂದರೆ ತೋಟಿ ಚಾಕರಿಗೆ ಬಿಟ್ಟ ನೆಲದ, ಹಾಳೆ ಆ ಕೋಣೆಯಲ್ಲಿದೆ, ಅದರಲ್ಲಿ ನಮ್ಮ ತಾತನ ಹೆಸರಿದೆ ಅಂತ ಅಪ್ಪ ಹೇಳುತ್ತಿದ್ದ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ತಲೆಯ ಮೇಲೆ ಹೊತ್ತಿದ್ದರೂ ಒಳಗೆ ಏನಿದೆ ಅಂತ ಕಂಡವನಲ್ಲ. ನನಗೆ ಓದಲು ಬರುತ್ತಿತ್ತು. ನಮ್ಮ ವಂಶದ ಒಂದು ಹೆಸರು ಸರ್ಕಾರದ ಮಸಿಯಲ್ಲಿ ಹೇಗೆ ಕಾಣುತ್ತದೆ ಅಂತ ನೋಡುವ ಆಸೆ. ಒಂದು ದಿನ ಮೂರೂವರೆ ಹೊತ್ತಿಗೆ ಸುಮ್ಮನೆ ಬಾಗಿಲವರೆಗೆ ಹೋದೆ. ಬೀಗವನ್ನು ಅಂಗೈಯಲ್ಲಿ ಎತ್ತಿ ಹಿಡಿದೆ, ಅಷ್ಟೇ. ಮನಸ್ಸು ಒಪ್ಪದೆ ಬಿಟ್ಟು ಬಂದೆ.

ಸಂಜೆ ಅವರು ನನ್ನ ಕೈ ನೋಡಿದರು.

"ಬೀಗ ಮುಟ್ಟಿ ವಾಪಸ್ ಬಂದಿದ್ದೀಯ. ಬರೆದಿದ್ದೀನಿ. ಹೋಗು, ಸೀಗೆಪುಡಿ ಹಾಕಿ ಕೈ ತೊಳ್ಕೋ, ಬರೀ ನೀರಿಗೆ ಹೋಗಲ್ಲ."

"ಸ್ವಾಮಿ, ನಾನು ಏನೂ..."

"ಏನೂ ಮಾಡಿಲ್ಲ ಅಂತಲೇ ಸೊನ್ನೆ ಹಾಕಿರೋದು."

ಆ ಬೇಸಿಗೆಯಲ್ಲಿ ಇನ್ನೊಂದು ಶುರುವಾಯಿತು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಮೇಲಿನ ಎಳೆ ಹಾಗೇ ಇದೆ. ಕೆಳಗಿನದು ಹರಿದಿದೆ. ಬೀಗ ಮುಟ್ಟದೆ ಬಾಗಿಲು ತೆರೆದ ಹಾಗೆ. ಯಾರ ಕೈಯಲ್ಲೂ ಕಪ್ಪಿಲ್ಲ. ಒಂದು ದಿನ ಹೀಗಾಯಿತು, ನಾಲ್ಕು ದಿನ ಬಿಟ್ಟು ಮತ್ತೆ ಆಯಿತು, ಆಮೇಲೆ ವಾರದಲ್ಲಿ ಎರಡು ಸಲ. ಸೊನ್ನೆಯೂ ಅಲ್ಲ, ಗುಣಾಕಾರವೂ ಅಲ್ಲ. ಅವರ ಹತ್ತಿರ ಇದಕ್ಕೆ ಗುರುತೇ ಇರಲಿಲ್ಲ. ಆ ಅಂಕಣವನ್ನು ಖಾಲಿ ಬಿಟ್ಟು ಕೂರುತ್ತಿದ್ದರು.

"ಒಳಗೇ ಇರೋದು ಹೊರಗೆ ಬರ್ತಾ ಇದೆ ಸ್ವಾಮಿ," ಅಂದ ಪಿಳ್ಳಪ್ಪ. "ನಮ್ಮ ಹೆಂಗಸ್ರು ಹೇಳ್ತಾರೆ, ದೆಯ್ಯಂ ಬೀಗ ತೆಗೆಯಲ್ಲವಂತೆ. ಸಂದೀಲಿ ಬರ್ತದಂತೆ."

"ಇಲಿ ಕಣೋ," ಅಂದರು ರಿಕಾರ್ಡಯ್ಯನವರು.

"ಇಲಿ ದಿನಾ ಊಟದ ಹೊತ್ತಿಗೆ ಬರ್ತದಾ ಸ್ವಾಮಿ? ಅದಕ್ಕೇನು ಗಂಟೆ ಬಾರಿಸ್ತಾರಾ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮರುದಿನ ಹೊಸ್ತಿಲ ಮೇಲೆ ರಾಗಿ ಹಿಟ್ಟು ಚೆಲ್ಲಿದರು. ಮಧ್ಯಾಹ್ನ ಬಂದು ನೋಡಿದರೆ ಹಿಟ್ಟು ಚೆಲ್ಲಿದ್ದ ಹಾಗೇ ಇದೆ, ಒಂದು ಹೆಜ್ಜೆಯಿಲ್ಲ. ಕೆಳಗಿನ ಎಳೆ ಮಾತ್ರ ಎರಡು ತುಂಡಾಗಿ ಗಾಳಿಯಲ್ಲಿ ಆಡುತ್ತಿದೆ. ಆವತ್ತಿನಿಂದ ಪಿಳ್ಳಪ್ಪ ತನ್ನ ಸ್ಟೂಲನ್ನು ಬಾಗಿಲ ಮುಂದಿನ ಓಣಿಯಿಂದ ಎತ್ತಿಕೊಂಡು ಮುಂದಿನ ಜಗಲಿಗೆ ಹೋದ. ಎಷ್ಟು ಬೈದರೂ ವಾಪಸ್ ಬರಲಿಲ್ಲ. ನನಗೆ ದೆವ್ವದ ನಂಬಿಕೆ ಇಲ್ಲ. ಬಿ.ಎ. ಓದಿದವನು. ಆದರೂ ಆ ಓಣಿಯಲ್ಲಿ ನಡೆಯುವಾಗ ಬಾಗಿಲಿನ ಕಡೆಗೆ ಬೆನ್ನು ಹಾಕುತ್ತಿರಲಿಲ್ಲ.

ಅದೇ ತಿಂಗಳು ಊರಿನ ಹಳೇ ಚಾಕರಿ ಇನಾಮುಗಳನ್ನು ಚಾಕರಿ ಮಾಡಿದ ಮನೆತನದವರಿಗೇ ಬಿಟ್ಟುಕೊಡುವ ಅರ್ಜಿಗಳು ಬಂದವು. ನಮ್ಮೂರ ಕಟ್ಟು ಬಿಚ್ಚಿದರು. ತೋಟಿ ಇನಾಮಿನ ಹಾಳೆ ಇಲ್ಲ.

ಶಿರಸ್ತೇದಾರರು ಬಾಗಿಲ ಬುಕ್ಕು ತರಿಸಿ ಪುಟ ತಿರುಗಿಸಿದರು. ಆ ಅರ್ಧ ವರ್ಷದಲ್ಲಿ ದಫ್ತರದ ಬಾಗಿಲಿನ ಎದುರು ಕಚೇರಿಯವನ ಹೆಸರು ಇದ್ದದ್ದು ಒಂದೇ. ನನ್ನದು.

"ಏನಯ್ಯಾ ಬಿ.ಎ., ಇದೇನು?"

"ಬೀಗ ಮುಟ್ಟಿದ್ದೆ ಸ್ವಾಮಿ. ಒಳಗೆ ಹೋಗಲಿಲ್ಲ. ಅಲ್ಲೇ ಸೊನ್ನೆ ಇದೆ ನೋಡಿ."

"ಆವತ್ತು ಹೋಗಲಿಲ್ಲ. ಆಮೇಲೆ ಹೋದೆ. ಅರ್ಜಿ ಪ್ರಕಾರ ಆ ಹಾಳೇಲಿ ನಿಮ್ಮ ತಾತನ ಜೊತೆಗೆ ಇನ್ನೂ ಇಬ್ಬರ ಹೆಸರಿತ್ತಲ್ಲ? ಮೂರು ಪಾಲಾಗೋ ನೆಲ ಒಂದೇ ಪಾಲಾಗಲಿ ಅಂತ ತಾನೆ?"

ನಾನು ಆ ಹಾಳೆಯನ್ನು ಕಂಡೇ ಇರಲಿಲ್ಲ. ಮೂರು ಹೆಸರಿರುವುದು ನನಗೆ ಗೊತ್ತಾದದ್ದೇ ಅವರ ಬಾಯಿಂದ.

"ಸೋಮವಾರದೊಳಗೆ ಸಮಜಾಯಿಷಿ ಬರೆದು ಕೊಡು. ಸರಿ ಹೋಗ್ಲಿಲ್ಲ ಅಂದ್ರೆ ಪ್ರೊಬೇಷನ್ ಅಲ್ಲಿಗೇ ಮುಗೀತು. ಜಗಲಿ ಹತ್ತಿಸಿದ್ದೇ ತಪ್ಪಾಯ್ತು."

ಆ ಕೊನೆಯ ಮಾತನ್ನು ಅವರು ಜೋರಾಗಿ ಹೇಳಲಿಲ್ಲ. ಆದರೆ ನನಗೆ ಕೇಳಿಸಿತು. ರಿಕಾರ್ಡಯ್ಯನವರು ನಡುವೆ ಬಾಯಿ ಹಾಕಿದರು. "ಇವನು ಸೋತೋನು ಸ್ವಾಮಿ. ಒಳಗೆ ಹೋಗ್ತಾ ಇರೋನು ಒಂದು ಸಲಾನೂ ಸೋತಿಲ್ಲ. ಇಬ್ಬರೂ ಬೇರೆ." ಶಿರಸ್ತೇದಾರರು, "ಹಾಗಾದ್ರೆ ಆ ಇನ್ನೊಬ್ಬನ್ನ ತಂದು ನಿಲ್ಲಿಸಿ" ಅಂದರು.

ಆ ವಾರ ನನಗೆ ಅನ್ನ ಸೇರಲಿಲ್ಲ. ದಿನಾ ಬುತ್ತಿ ತೆಗೆದುಕೊಂಡು ಬಾವಿಯ ಕಡೆಯ ಹುಣಸೆಮರದ ಕೆಳಗೆ ಹೋಗುತ್ತಿದ್ದವನು, ಗುರುವಾರ ಮಧ್ಯಾಹ್ನ ಹೋಗಲಿಲ್ಲ. ದಫ್ತರದ ಓಣಿಯ ತಿರುವಿನಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ಕಚೇರಿ ಖಾಲಿ. ಹಂಚಿನ ಮೇಲೆ ಬಿಸಿಲು ಸುರಿಯುತ್ತಿತ್ತು. ಓಣಿಯಲ್ಲಿ ಒಂದು ನೊಣವೂ ಇರಲಿಲ್ಲ.

ರಿಕಾರ್ಡಯ್ಯನವರು ಬಂದರು.

"ಊಟ ಆಯ್ತಾ ಸ್ವಾಮಿ?" ಅಂದೆ.

ಕೇಳಿಸದವರ ಹಾಗೆ ನನ್ನ ಮುಂದೆ ಹಾದುಹೋದರು. ನನ್ನ ಕೈ ನೋಡಲಿಲ್ಲ. ಎರಡು ವರ್ಷದಲ್ಲಿ ಅವರು ನನ್ನ ಕೈ ನೋಡದೆ ಹಾದುಹೋದದ್ದು ಅದೊಂದೇ ಸಲ.

ಬೀಗದ ಮೇಲಿನ ಎಳೆಯನ್ನು ಉಗುರಿನಿಂದ ಬಿಡಿಸಿದರು. ಕಪ್ಪು ತಾಗದ ಹಾಗೆ ಬೀಗವನ್ನು ಎರಡು ಬೆರಳಲ್ಲಿ ಪಕ್ಕದಿಂದ ಹಿಡಿದು ತೆಗೆದರು. ಬಾಗಿಲು ತಳ್ಳಿದರು. ಹೊಸ್ತಿಲನ್ನು ಅವರು ತುಳಿಯುವವರೇ ಅಲ್ಲ, ನಮ್ಮ ಕಡೆ ಹಿರಿಯರು ಯಾರೂ ತುಳಿಯುವುದಿಲ್ಲ. ದೊಡ್ಡ ಹೆಜ್ಜೆಯಿಟ್ಟು ದಾಟಿದರು. ರಾಗಿ ಹಿಟ್ಟು ಹಾಗೇ ಉಳಿದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

ಬೆಂಚಿನಿಂದ ಎದ್ದು ಬಾಗಿಲ ಪಕ್ಕ ನಿಂತೆ. ಕೋಣೆಯ ಮೂಲೆಯಲ್ಲಿ ಒಂದು ಹಳೇ ಮೇಜಿತ್ತು. ಒಂದು ಕಾಲು ಮುರಿದು ಇಟ್ಟಿಗೆ ಕೊಟ್ಟಿದ್ದರು. ಅದರ ಹಿಂದೆ ಬೆತ್ತ ಹರಿದ ಕುರ್ಚಿ. ಯಾವುದೋ ಕಾಲದ ಅಮಲ್ದಾರರದು, ಆಗ ನಮ್ಮ ಕಡೆ ತಹಸೀಲ್ದಾರರನ್ನು ಹಾಗೇ ಕರೆಯುತ್ತಿದ್ದರು. ರಿಕಾರ್ಡಯ್ಯನವರನ್ನು ಹದಿನೆಂಟನೇ ವಯಸ್ಸಿನಲ್ಲಿ ಕೆಲಸಕ್ಕೆ ತೆಗೆದುಕೊಂಡವರು ಅವರೇ. ಸತ್ತು ಮೂವತ್ತು ವರ್ಷವಾಗಿತ್ತು. ರಿಕಾರ್ಡಯ್ಯನವರು ಒಂದು ಕಟ್ಟು ಬಿಚ್ಚಿ, ಒಂದು ಹಾಳೆ ಎಳೆದು, ಆ ಖಾಲಿ ಕುರ್ಚಿಯ ಮುಂದೆ ಕೈಕಟ್ಟಿ ನಿಂತರು.

"ತಂದಿದ್ದೀನಿ ಸ್ವಾಮಿ," ಅಂದರು.

ಆ ದನಿ ಅವರದಲ್ಲ. ಅಂದರೆ ಅವರದೇ, ಆದರೆ ಹದಿನೆಂಟರ ದನಿ. ಹಾಳೆಯನ್ನು ಮೇಜಿನ ಮೇಲಿಟ್ಟು ಕಾದರು. ತಲೆಯಾಡಿಸಿದರು. "ಆಗ್ಲಿ ಸ್ವಾಮಿ. ಸಾದಲಿದು ನಾಳೆ ತರ್ತೀನಿ." ಮತ್ತೆ ಕಾದರು. ಏನನ್ನೋ ಕೇಳಿಸಿಕೊಂಡು ಚೂರು ನಕ್ಕರು, ಕಿರಿಯರು ಹಿರಿಯರ ತಮಾಷೆಗೆ ನಗುವ ಹಾಗೆ. ಆಮೇಲೆ ಹಾಳೆಯನ್ನು ಮೇಜಿನ ಖಾನೆಯಲ್ಲಿಟ್ಟು, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೊರಗೆ ಬಂದರು. ಬೀಗ ಹಾಕಿದರು. ಕರ್ಚೀಪಿನಿಂದ ಹೊಸ ಎಳೆ ತೆಗೆದು ಬೀಗಕ್ಕೆ ಅಂಟಿಸಿದರು, ಕೂದಲೆಳೆಯಷ್ಟೂ ತಪ್ಪಿಲ್ಲದೆ. ಕೆಳಗಿನದಕ್ಕೆ ಬಗ್ಗಲಿಲ್ಲ. ಆ ಅಮಲ್ದಾರರ ಕಾಲದಲ್ಲಿ ಇದ್ದದ್ದು ಬೀಗದ ಮೇಲಿನ ಎಳೆ ಒಂದೇ ಅಂತ ಆಮೇಲೆ ತಿಳಿಯಿತು. ಕೆಳಗಿನದು ನಕ್ಷೆ ಕಳೆದ ಮೇಲೆ ಸೇರಿಸಿದ್ದು. ಹದಿನೆಂಟರ ಹುಡುಗನಿಗೆ ಅದು ಹೇಗೆ ಗೊತ್ತಿರಬೇಕು?

ಅರ್ಧ ಗಂಟೆಯಾದ ಮೇಲೆ ಅವರು ಮತ್ತೆ ಬಂದರು. ಈ ಸಲ ನನ್ನ ಕೈ ನೋಡಿದರು. ಬಾಗಿಲ ಹತ್ತಿರ ಹೋಗಿ ಬಗ್ಗಿದರು. ಕೆಳಗಿನ ಎಳೆ ಹರಿದಿದ್ದದ್ದನ್ನು ಕಂಡು ಎದ್ದರು.

"ನೀನು ಇಲ್ಲೇ ಇದ್ಯಲ್ಲಪ್ಪಾ. ಯಾರು ಬಂದಿದ್ರು?"

ಸುಮ್ಮನಿರಬಹುದಿತ್ತು. ಅವರ ನಿವೃತ್ತಿಗೆ ಉಳಿದಿದ್ದದ್ದು ನಾಲ್ಕೈದು ತಿಂಗಳು. ಸುಮ್ಮನಿದ್ದರೆ ಸೋಮವಾರ ನನ್ನ ಕುರ್ಚಿ ಹೋಗುತ್ತಿತ್ತು.

"ನೀವೇ ಸ್ವಾಮಿ," ಅಂದೆ.

"ತಮಾಷೆ ಮಾಡಬೇಡ ಕಣೋ. ನಾನು ಮನೇಲಿ ಊಟ ಮಾಡ್ತಿದ್ದೆ."

"ಏನು ಊಟ ಸ್ವಾಮಿ?"

ಬಾಯಿ ತೆರೆದರು. ಬಲಗೈಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಸಾರಿನ ವಾಸನೆ ಇರಲಿಲ್ಲ ಅನ್ನಿಸುತ್ತದೆ. ಆಮೇಲೆ ಅದೇ ಕೈಯನ್ನು ಮುಂದೆ ಚಾಚಿ, ಕಚೇರಿಯವರದೆಲ್ಲ ನೋಡುತ್ತಿದ್ದ ಹಾಗೆ, ತಮ್ಮ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಬೆರಳ ತುದಿಯಲ್ಲಿ ಗೋಂದು ಇನ್ನೂ ಒಣಗಿರಲಿಲ್ಲ.

"ಬುಕ್ಕು ತಗೊಂಡು ಬಾ" ಅಂದರು.

ತಂದುಕೊಟ್ಟೆ. ನನ್ನ ಕಡೆಗೇ ತಳ್ಳಿದರು.

"ಕಂಡೋನು ಬರೀಬೇಕು. ನಾನು ಕಂಡಿಲ್ಲ. ನನ್ನ ಕೈಲಿ ಬರೆಸಬೇಡ."

"ಏನಂತ ಬರೀಲಿ ಸ್ವಾಮಿ?"

"ಹೊತ್ತು. ಬಾಗಿಲು. ಯಾರು. ಏನು ಮಾಡ್ದ. ಏನು ಕಂಡ್ಯೋ ಅದು, ಜಾಸ್ತಿ ಇಲ್ಲ, ಕಮ್ಮಿ ಇಲ್ಲ."

"ಗುರುತು? ಸೊನ್ನೆಯೋ, ಗುಣಾಕಾರವೋ?"

ಅವರು ಯೋಚಿಸಿದರು. "ಕೀಲಿ ಇರೋನಿಗೆ ಗುರುತೇ ಇಟ್ಟಿಲ್ವಲ್ಲಪ್ಪಾ ನಾನು," ಅಂದರು. ಅಷ್ಟು ಪುಸ್ತಕ ತುಂಬಿಸಿದ್ದರು, ಅವುಗಳಲ್ಲಿ ಒಂದು ಸಲವೂ ಅವರ ಸ್ವಂತ ಹೆಸರಿರಲಿಲ್ಲ. ಬರೆಯಬೇಕಾದವುಗಳ ಪಟ್ಟಿ ಮಾಡಿ ರಟ್ಟಿಗೆ ಅಂಟಿಸಿದ ದಿನ, ತಮ್ಮನ್ನು ಅವರು ಗಾಳಿಯ ಜೊತೆಗೆ, ಹಲ್ಲಿಯ ಜೊತೆಗೆ ಬಿಟ್ಟುಬಿಟ್ಟಿದ್ದರು.

ಗುಣಾಕಾರ ಹಾಕಿದೆ. ಅಕ್ಷರ ದುಂಡಗೆ ಬಂದವು.

ಶನಿವಾರ ಅವರು ಬುಕ್ಕನ್ನು ತಾವೇ ಹಿಡಿದುಕೊಂಡು ಆಗ ಅಧಿಕಾರದಲ್ಲಿದ್ದ ಅಮಲ್ದಾರರ ಕೋಣೆಗೆ ಹೋದರು. ಶಿರಸ್ತೇದಾರರನ್ನೂ ನನ್ನನ್ನೂ ಕರೆದರು. ನಿಂತುಕೊಂಡೇ ಓದಲು ಶುರುಮಾಡಿದರು, ಬೇಸಿಗೆಯ ಮೊದಲ ದಿನದಿಂದ. ಖಾಲಿ ಅಂಕಣ ಬಂದಾಗಲೆಲ್ಲ "ಗುರುತಿಲ್ಲ" ಅಂತ ಓದುತ್ತಾ ಬಂದರು. ನನ್ನ ಸಾಲು ಬಂತು. ತಮ್ಮ ಹೆಸರನ್ನು ಬೇರೆ ಯಾರದೋ ಹೆಸರು ಓದಿದ ಹಾಗೆ, ಅದೇ ರಾಗದಲ್ಲಿ, ತಡೆಯದೆ ಓದಿದರು. ಬುಕ್ಕು ಮುಚ್ಚಿ, "ಖಾನೆ ತೆಗೀಬೇಕು ಸ್ವಾಮಿ" ಅಂದರು.

ಎಲ್ಲರೂ ಹೋದೆವು. ಆ ಮೇಜಿನ ಖಾನೆಯಲ್ಲಿ ಹಾಳೆಗಳು ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಿಸಿ, ರುಜುವಿಗೆ ಇಟ್ಟ ಹಾಗೆ ಇದ್ದವು. ನಡುವಿನಲ್ಲಿ ನಮ್ಮೂರಿನದು. ನಮ್ಮ ತಾತನ ಹೆಸರನ್ನು ನಾನು ಮೊದಲ ಸಲ ನೋಡಿದ್ದು ಹಾಗೆ, ಶಿರಸ್ತೇದಾರರ ಹೆಗಲ ಮೇಲಿಂದ ಇಣುಕಿ. ಅವರು ಹೇಳಿದ ಹಾಗೆ ಮೂರು ಹೆಸರಿದ್ದವು. ತಾತನದು ಮೂರನೆಯದು.

ಶಿರಸ್ತೇದಾರರು ನನಗೆ ಹೇಳಿದ್ದು ಇಷ್ಟೇ. "ಆಯ್ತು ಹೋಗಯ್ಯಾ. ಕೆಲಸ ನೋಡು."

ಅಮಲ್ದಾರರು ಒಳ್ಳೆಯವರು. ಬುಕ್ಕಿನ ಸಾಲನ್ನು ಮತ್ತೊಮ್ಮೆ ಓದಿ, "ಇದು ಯಾರ ಅಕ್ಷರ?" ಅಂದರು. "ನಂದು ಸ್ವಾಮಿ." "ಸ್ಪಷ್ಟವಾಗಿದೆ. ಬೇಡದ್ದು ಒಂದಕ್ಷರ ಇಲ್ಲ." ಆ ವರ್ಷದ ಕೊನೆಗೆ ನನ್ನ ಕೆಲಸ ಕಾಯಂ ಆಯಿತು. ಆ ಸಾಲನ್ನು ನೋಡಿಯೇ ಅವರು ಶಿಫಾರಸು ಬರೆದರು ಅಂತ ಕೇಳಿದೆ. ರಿಕಾರ್ಡಯ್ಯನವರಿಗೆ ಸೋಮವಾರದಿಂದ ಕಾಯಿಲೆಯ ರಜೆ, ರಜೆ ಮುಗಿಯುವ ಹೊತ್ತಿಗೆ ನಿವೃತ್ತಿ. ಅವಮಾನ ಅಂತ ಯಾರೂ ಮಾಡಲಿಲ್ಲ. ಆದರೆ ಕೀಲಿಯನ್ನು ಆವತ್ತೇ ಇಸಿದುಕೊಂಡರು. ಉಡಿದಾರದಿಂದ ಅದನ್ನು ಬಿಚ್ಚಲು ಅವರಿಗೆ ಬರಲಿಲ್ಲ, ಗಂಟು ಅಷ್ಟು ಹಳೆಯದು. ಪಿಳ್ಳಪ್ಪ ದಾರ ಕತ್ತರಿಸಿದ.

ಬಸ್‌ಸ್ಟ್ಯಾಂಡಿಗೆ ನಾನೇ ಜೊತೆಯಲ್ಲಿ ಹೋದೆ, ಅವರು ತಮ್ಮ ಊರಿಗೆ ಹೊರಟಿದ್ದರು. ನಾನು ಕ್ಷಮಿಸಿ ಅನ್ನಬೇಕು ಅಂತ ಎಷ್ಟೋ ಸಲ ಬಾಯಿ ತೆರೆದೆ. ಬಸ್ಸು ಬಂತು, ಅವರು ಹತ್ತಿದರು. ಕಿಟಕಿಯ ಪಕ್ಕ ಕೂತು ನನ್ನನ್ನು ಹತ್ತಿರ ಕರೆದರು.

"ನಿನ್ನ ಸಾಲು ಚೆನ್ನಾಗಿತ್ತು ಕಣಪ್ಪಾ. ಆದ್ರೆ ಕಮ್ಮಿ ಬರೆದಿದ್ದೀಯ."

"ಏನು ಸ್ವಾಮಿ ಕಮ್ಮಿ?"

"ಒಳಗೆ ಇಬ್ಬರಿದ್ವಿ. ಒಬ್ಬನದ್ದೇ ಹೆಸರು ಬರೆದಿದ್ದೀಯ."

ಮುದುಕರ ಮರೆವಿನ ಮಾತು ಅಂತ ನಗಬಹುದಿತ್ತು. ನಾನು ನಗಲಿಲ್ಲ. ಅವರು ಕಿಟಕಿಯಿಂದ ನನ್ನ ಕೈ ನೋಡಲಿಲ್ಲ, ನೇರ ಮುಖ ನೋಡುತ್ತಿದ್ದರು. ಬಸ್ಸು ಹೊರಟಿತು.

ಆ ಗುರುವಾರ ನಾನು ಕಂಡದ್ದನ್ನೆಲ್ಲ ಮೇಲೆ ಹೇಳಿದ್ದೇನೆ. ಕೇಳಿದ್ದರಲ್ಲಿ ಒಂದನ್ನು ಬಿಟ್ಟಿದ್ದೇನೆ. ಬಾಗಿಲ ಬುಕ್ಕಿನಲ್ಲೂ ಬಿಟ್ಟಿದ್ದೆ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕಾಯುತ್ತಿದ್ದಾಗ, ಅವರ ತುಟಿ ಮುಚ್ಚಿದ್ದಾಗ, ಆ ಕುರ್ಚಿಯ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡರು. ವಯಸ್ಸಾದವರು, ಓದುವುದಕ್ಕೆ ಮೊದಲು ಮಾಡುವ ಹಾಗೆ. ಇದನ್ನು ಬರೆದಿದ್ದರೆ ಉಳಿದ ಸಾಲನ್ನು ಯಾರೂ ನಂಬುತ್ತಿರಲಿಲ್ಲ, ಸೋಮವಾರ ನಾನು ಜಗಲಿ ಇಳಿಯುತ್ತಿದ್ದೆ. ಅದಕ್ಕೇ ಬಿಟ್ಟೆ.